ಸುರಪುರಕ್ಕೆ ಹೋದ ‘ಸಿಸಿ’

ತೊಂಬತ್ತರ ದಶಕದ ಆರಂಭದಲ್ಲಿ ನಾನು ಶಹಾಪುರದ ಕಾಲುವೆ ಕಚೇರಿಯೊಂದರಲ್ಲಿ ಕಿರಿಯ ಇಂಜಿನಿಯರ್. ಮೂರು ವಾರದ ತರಬೇತಿಗೆ ಹೋಗಿಬಂದ ತಪ್ಪಿಗೆ ಯೂನಿಕ್ಸ್ ಎಂಬ ಕಾರ್ಯವ್ಯವಸ್ಥೆಯಲ್ಲಿ ನಡೆಯುವ ಕಂಪ್ಯೂಟರನ್ನು ನನ್ನ ತಲೆಗೆ ಕಟ್ಟಿದರು. ಇನ್ನೊಂದು ಕಚೇರಿಯಲ್ಲಿ ಬಳಸಿ ಹಳೆಯದಾಗಿದ್ದ ಯಂತ್ರ ಅದು. ಕಂಡರೇ ನನಗೆ ಮೈ ಉರಿಯುತ್ತಿತ್ತು.

ಆ ಹಿಂಗಾರಿನ ನೀರಿನ ಸರದಿ ಪಟ್ಟಿ ಕಂಪ್ಯೂಟರಿನಲ್ಲೇ ಆಗಬೇಕೆಂದು ಮೇಲಿನಿಂದ ಆದೇಶ ಬಂತು. ಶನಿವಾರದೊಳಗೆ ಆಗದಿದ್ದರೆ ಇಡೀ ಹಂಗಾಮಿಗೆ ಹಳೆಯ ಪಟ್ಟಿಯೇ ಗತಿ. ಅದರಲ್ಲಿ ಶಿರವಾಳ ಕಡೆಯ ಹೊಸ ತೂಬಿನವರ ಹೆಸರೇ ಇರಲಿಲ್ಲ. ಅವರಲ್ಲೊಬ್ಬರಾದ ಮಲ್ಲಮ್ಮ ಎರಡೆಕರೆ ಶೇಂಗಾ ಬಿತ್ತಿ, ಮಂಗಳವಾರವೇ ಬಂದು ಬಾಗಿಲಲ್ಲಿ ನಿಂತರು.

“ನನ್ನ ಹೆಸರು ಬಂತೇನ್ರಿ, ಸಾಹೇಬ್ರ?”

“ಬರ್ತದ ಯವ್ವಾ, ಮಿಷನ್ ಬರಿಯಾಕತ್ತದ,” ಎಂದೆ. ಶುದ್ಧ ಸುಳ್ಳು.

ಪಟ್ಟಿಯ ಪ್ರೋಗ್ರಾಂ ‘ಸಿ’ ಭಾಷೆಯಲ್ಲಿತ್ತು. ಅದನ್ನು ಯಂತ್ರಕ್ಕೆ ತಿಳಿಯುವಂತೆ ಮಾಡಲು ಕಂಪೈಲರ್ ಬೇಕು. ಅದನ್ನು ಕರೆಯುವ ಆಜ್ಞೆ ‘ಸಿಸಿ’. ಒತ್ತಿದರೆ ‘ಸಿಗಲಿಲ್ಲ’ ಎಂಬ ಉತ್ತರ. ಬೆರಳು ತಪ್ಪಿತೇ? ಸಣ್ಣಕ್ಷರದಲ್ಲಿ ಒತ್ತಿದೆ, ದೊಡ್ಡಕ್ಷರದಲ್ಲಿ ಒತ್ತಿದೆ, ಯಂತ್ರ ಆರಿಸಿ ಮತ್ತೆ ಹಚ್ಚಿದೆ. ಎರಡು ದಿನ ಹೀಗೇ ಹೋಯಿತು. ತಲೆ ಗಿರ್ರೆನ್ನತೊಡಗಿತು. ಕೊನೆಗೆ ಯಂತ್ರ ಮಾರಿದವರಿಗೆ ಫೋನ್ ಮಾಡಿದರೆ, ಕಂಪೈಲರ್ ಯಂತ್ರದೊಳಗೆ ಇರುವುದೇ ಇಲ್ಲ, ಫ್ಲಾಪಿಗಳ ಬೇರೆ ಪೆಟ್ಟಿಗೆ ಆಗಲೇ ಕಳಿಸಿದ್ದೇವೆ ಎಂದರು.

ಉಗ್ರಾಣದ ಶಿವಶರಣಪ್ಪನ ಬಳಿಗೆ ಓಡಿದೆ. “ಸಿಸಿ ಎಲ್ಲದ?”

“ಸಿಸಿದ್ದೆಲ್ಲಾ ಸುರಪುರಕ್ಕ ಹೋಗ್ಯಾದ್ರಿ.”

“ಅಲ್ಲಿಗ್ಯಾಕ ಕಳಿಸಿದಿ?”

“ಕೆಲಸ ಅಲ್ಲೇ ನಡದದಲ್ರಿ. ಇಲ್ಲಿಟ್ಟು ಏನ್ ಮಾಡ್ಲಿ?”

ಸುರಪುರದಲ್ಲಿ ನಮ್ಮ ಕಂಪ್ಯೂಟರೇ ಇರಲಿಲ್ಲ. ಅಲ್ಲಿ ಎಂಥ ಕೆಲಸ? ಅವನಿಗೆ ಬಾಯಿಗೆ ಬಂದಂತೆ ಬೈದು ಜೀಪು ಹತ್ತಿದೆ.

ಸುರಪುರದ ಮೇಸ್ತ್ರಿಗೆ “ಸಿಸಿ ತೋರಿಸು” ಎಂದರೆ ಸೀದಾ ಕಾಲುವೆಗೆ ಇಳಿಸಿ, ಹೊಸದಾಗಿ ಹಾಕಿದ ಕಾಂಕ್ರೀಟನ್ನು ಕಾಲಿನಿಂದ ಒದ್ದು ತೋರಿಸಿದ. “ಹೆಂಗದ್ರಿ? ಕಲ್ಲಾಗ್ಯಾದ!”

ಆಗ ಹೊಳೆಯಿತು. ಕಾಲುವೆಯವರಿಗೆ ಸಿಸಿ ಎಂದರೆ ಸಿಮೆಂಟ್ ಕಾಂಕ್ರೀಟ್! ದಿನಕ್ಕೆ ಹತ್ತು ಸಲ ನಾನೇ ಆಡುವ ಮಾತು. ಆ ಹಾಳು ಯಂತ್ರ ಅದನ್ನೂ ನನ್ನ ತಲೆಯಿಂದ ಅಳಿಸಿಹಾಕಿತ್ತು.

ಹುಡುಕುತ್ತ ಹೋದರೆ, ಕಾಂಕ್ರೀಟಿನ ಗಟ್ಟಿತನ ಪರೀಕ್ಷಿಸುವ ಕೋಣೆಯಲ್ಲಿ, ಗಟ್ಟಿಯಾಗಲೆಂದು ನೀರಿನಲ್ಲಿಡುವ ಕಾಂಕ್ರೀಟ್ ಕ್ಯೂಬ್‌ಗಳ ಸಾಲಿನಲ್ಲಿ ನಮ್ಮ ಪೆಟ್ಟಿಗೆ ಕೂತಿತ್ತು. ಅಲ್ಲಿನ ಭೀಮರಾಯ ತಲೆ ಕೆರೆದುಕೊಂಡ. “ಕ್ಯೂಬ್ ಅಂತ ತಿಳಕೊಂಡಿದ್ನಿರಿ. ಎತ್ತಿದ್ರ ಹಗೂರ. ಉಳಿದಾವಂಗ ನೀರಾಗ ಇಡ್ಬೇಕೋ ಬ್ಯಾಡೋ ಅಂತ ಯೋಚನಿ ಮಾಡಾಕತ್ತಿದ್ದೆ.”

ಪೆಟ್ಟಿಗೆ ಕಸಿದುಕೊಂಡು ತಡವಿ ನೋಡಿದೆ. ಪುಣ್ಯಕ್ಕೆ ನೀರು ತಾಗಿರಲಿಲ್ಲ. ಮುಚ್ಚಳದ ಮೇಲೆ ದಪ್ಪಕ್ಷರದಲ್ಲಿ ‘ಸಿಸಿ, ಒಂದು ಪೆಟ್ಟಿಗೆ’ ಎಂದಿತ್ತು, ಕೆಳಗೆ ಸಹಿ. ಎರಡೂ ನನ್ನವೇ! ತರಬೇತಿಗೆ ಹೋಗುವ ಮೊದಲು, ಬಂದ ಸಾಮಾನನ್ನು ಎಣಿಸಿಕೊಳ್ಳುವಾಗ, ಮಾರಿದವರ ಚೀಟಿಯಲ್ಲಿದ್ದದ್ದನ್ನು ಅರ್ಥ ತಿಳಿಯದೇ ಎತ್ತಿ ಬರೆದಿದ್ದೆ.

ಮರಳಿ ಬಂದು ಶಿವಶರಣಪ್ಪನ ಮುಂದೆ ತಪ್ಪೊಪ್ಪಿಕೊಂಡೆ. “ನೀವ್ ಬರದಿದ್ರಿ, ನಾ ಓದಿದ್ನಿ. ಅಷ್ಟರಿ,” ಎಂದ.

ಶುಕ್ರವಾರ ಒಂದೊಂದೇ ಫ್ಲಾಪಿ ತುರುಕಿದೆ. ಮೂರನೆಯದನ್ನು ಯಂತ್ರ ಎರಡು ಸಲ ಉಗುಳಿ, ಆಮೇಲೆ ನುಂಗಿತು. ಪ್ರೋಗ್ರಾಮಿನ ಹೆಸರು ಸೇರಿಸಿ ‘ಸಿಸಿ’ ಒತ್ತಿದೆ. ಉತ್ತರವೇ ಇಲ್ಲ! ಸತ್ತಿತೆಂದೇ ತಿಳಿದು ಕೈಪಿಡಿ ತೆರೆದೆ. ಕೆಲಸ ಸರಿಯಾಗಿ ಆದರೆ ಯೂನಿಕ್ಸ್ ಸುಮ್ಮನಿರುತ್ತದಂತೆ.

ಶನಿವಾರ ಮುದ್ರಿತ ಪಟ್ಟಿ ಮೇಲಿನ ಕಚೇರಿಗೆ ಹೋಯಿತು. ಮಲ್ಲಮ್ಮ ಬಂದಾಗ ಇನ್ನೊಂದು ಪ್ರತಿ ಹಿಡಿದು ಕಂಪೈಲರ್, ಫ್ಲಾಪಿ ಎಂದು ಹುರುಪಿನಿಂದ ಶುರುಮಾಡಿದೆ.

“ಅದೆಲ್ಲಾ ಇರ್ಲಿ ಯಪ್ಪಾ. ನೀರು ಯಾವತ್ತು?”

“ಗುರುವಾರ ಮುಂಜಾನಿ.”

ಅದನ್ನೇ ಇನ್ನೊಮ್ಮೆ ಹೇಳಿಸಿಕೊಂಡು, ಸೆರಗಿನಿಂದ ಕಣ್ಣೊರೆಸಿಕೊಂಡು ಹೊರಟರು. ನನಗೆ ನಾಚಿಕೆಯಾಯಿತು. ನನ್ನ ಕೈಬರಹದ ಎರಡಕ್ಷರ ಆಕೆಯ ಒಂದು ಹಂಗಾಮನ್ನು ನುಂಗುವುದರಲ್ಲಿತ್ತು. ನಿವೃತ್ತಿಯಾಗುವವರೆಗೂ ನಾನು ಯಾವ ಪೆಟ್ಟಿಗೆಯ ಮೇಲೂ ಗಿಡ್ಡ ಹೆಸರು ಬರೆಯಲಿಲ್ಲ. ಬರೆದದ್ದನ್ನು ಉಗ್ರಾಣದವನಿಂದ ಒಮ್ಮೆ ಓದಿಸಿ, ಏನು ತಿಳಿಯಿತೆಂದು ಕೇಳಿದ ಮೇಲೆಯೇ ಸಹಿ ಹಾಕುತ್ತಿದ್ದೆ.