ಶನಿವಾರಕ್ಕೊಂದು ಹಲಾಲ್ ಡಬ್ಬಿ

“ಶನಿವಾರ ನಾವು ಬಾಡು ಮುಟ್ಟಲ್ಲ ಕಣಪ್ಪಾ, ಇದ್ನ ನುಂಗ್ಬೋದಾ?”

ಚನ್ನಪಟ್ಟಣದ ಮೆಡಿಕಲ್ ಸ್ಟೋರಿನಲ್ಲಿ ನನ್ನ ಅತ್ತೆ ಕ್ಯಾಲ್ಸಿಯಂ ಕ್ಯಾಪ್ಸೂಲ್ ಎತ್ತಿ ಹಿಡಿದು ಕೇಳಿದರು. ಅದರ ಸಿಪ್ಪೆಯನ್ನು ಪ್ರಾಣಿಗಳ ಮೂಳೆಯಿಂದ ಮಾಡುತ್ತಾರೆಂದು ಯಾರೋ ಹೇಳಿದಾಗಿನಿಂದ ಅವರು ಶನಿವಾರ ಮಾತ್ರೆ ಬಿಟ್ಟು, ಮಂಡಿ ಹಿಡಿದುಕೊಂಡು ನರಳುತ್ತಿದ್ದರು.

ಅಂಗಡಿಯವನು ಡಬ್ಬಿ ತಿರುಗಿಸಿ ಓದತೊಡಗಿದ. ಪಕ್ಕದಲ್ಲಿದ್ದ ಬುರ್ಖಾದ ಅಜ್ಜಿ ತಾವು ಕೊಂಡಿದ್ದ ಡಬ್ಬಿ ತೋರಿಸಿದರು. “ನಂಗೂ ಇದೇ ಚಿಂತೆಯಿತ್ತು ಕಣಮ್ಮಾ. ಇದೂ ಕ್ಯಾಲ್ಸಿಯಮ್ಮೇ, ಹಲಾಲ್ದು. ಸಿಪ್ಪೆ ಗಿಡದ್ದು.”

“ಹಂಗಾರೆ ನಂಗೂ ಅದ್ನೇ ಕೊಡಪ್ಪಾ!” ಎಂದರು ಅತ್ತೆ.

ಈಗ ಮನೆಯಲ್ಲಿ ಎರಡು ಡಬ್ಬಿಗಳಿವೆ. ಶನಿವಾರ ದೇವರಿಗೆ ದೀಪ ಹಚ್ಚಿ, ಅಡ್ಡಬಿದ್ದು, ಅತ್ತೆ ಹಲಾಲ್ ಡಬ್ಬಿ ತೆರೆಯುತ್ತಾರೆ. ಭಾನುವಾರ ಮಾತ್ರ ಹಳೆಯದೇ ಬೇಕು: “ಬಾಡು ಬೇಯೋ ದಿನ ಗಿಡದ್ದ್ಯಾಕಮ್ಮಿ?”