ಎಡಕ್ಕೆ ಎಳೆಯುವ ಗಾಡಿ

ದೊಡ್ಡಬಳ್ಳಾಪುರದ ಸೀರೆ ವ್ಯಾಪಾರಿ ರಾಜೇಂದ್ರಪ್ಪನವರ ದೊಡ್ಡ ಎಸ್‌ಯುವಿ ಗ್ಯಾರೇಜಿನತ್ತ ತಿರುಗಿತೆಂದರೆ ಅವರ ಮೊದಲ ಮಾತು ಮೆಕ್ಯಾನಿಕ್ ಮುನಿರಾಜನಿಗೆ ಬಾಯಿಪಾಠ: "ಎಡಕ್ಕೆ ಎಳೀತೈತೆ ಕಣಪ್ಪಾ." ಹಂಪು ಹಾರಿದರೂ ಬರುತ್ತಾರೆ, ಗುಂಡಿಗೆ ಇಳಿದರೂ ಬರುತ್ತಾರೆ, ಆಯುಧಪೂಜೆಯ ನಿಂಬೆಹಣ್ಣಿನ ಮೇಲೆ ಹತ್ತಿಸಿದರೂ ವೀಲ್ ಅಲೈನ್‌ಮೆಂಟ್ ಕೆಟ್ಟಿತೆಂದು ಬರುವವರೇ. ಮಗುವಿನ ಜ್ವರ ನೋಡುವಂತೆ ಟೈರಿನ ಅಂಚುಗಳನ್ನು ಸವರಿ, ಒಂದೇ ಕಡೆ ಸವೆದಿದೆ ಎನ್ನುತ್ತಾರೆ. ಅಲೈನ್‌ಮೆಂಟ್ ನೋಡುವ ಕಂಪ್ಯೂಟರಿನಲ್ಲಿ ಅಂಕಿಗಳೆಲ್ಲ ಹಸಿರಾಗಿ ಸರಿಯೆಂದು ತೋರಿಸಿದರೂ ನಂಬುವುದಿಲ್ಲ. "ನಿನ್ ಮಿಷಿನ್‌ಗೇನು ಗೊತ್ತು, ರೋಡಲ್ಲಿ ನೋಡಾನ ಬಾ" ಎನ್ನುತ್ತಾರೆ. ಇಂಥ ಗಾಡಿಹುಚ್ಚಿನವರು ಗ್ಯಾರೇಜಿಗೊಬ್ಬರು ಇದ್ದೇ ಇರುತ್ತಾರೆಂದು ಮುನಿರಾಜ ಒಳಗೊಳಗೇ ನಗುತ್ತಿದ್ದ. ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿದ ಮೇಲೆ ರಾಜೇಂದ್ರಪ್ಪ ಸ್ಟೀರಿಂಗ್ ಮುಟ್ಟಿಲ್ಲ. ಐವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತ ಹೆಂಡತಿ ಚೌಡೇಶ್ವರಿಯೇ ಸೀರೆಗಂಟು ತುಂಬಿಕೊಂಡು ಅವರನ್ನು ದೇವನಹಳ್ಳಿ, ಹೊಸಕೋಟೆಯೆಂದು ಸುತ್ತಿಸುತ್ತಾರೆ. ಒಂದು ದಿನ ಮುನಿರಾಜ ಅಲೈನ್‌ಮೆಂಟ್ ಮುಗಿಸಿ, ರಾಜೇಂದ್ರಪ್ಪನವರ ಹಟಕ್ಕೆ ಸೋತು ಹಿಂದಿನ ಸೀಟಿನಲ್ಲಿ ಕೂತು ಹೊರಟ. ನೆಟ್ಟಗಿನ ರಸ್ತೆಗೆ ಬಂದಾಗ ನೋಡಿದರೆ, ರಾಜೇಂದ್ರಪ್ಪನವರ ಕಣ್ಣು ರಸ್ತೆಯ ಮೇಲಿರಲಿಲ್ಲ, ಸ್ಟೀರಿಂಗ್ ಹಿಡಿದ ಹೆಂಡತಿಯ ಭುಜದ ಮೇಲಿತ್ತು. "ಈಗ್ಲೂ ನೋಯ್ತೈತಾ?" ಎಂದರು. "ಒಸಿ ಐತೆ, ಬಿಡಿ," ಎಂದರು ಚೌಡೇಶ್ವರಿ. ರಾಜೇಂದ್ರಪ್ಪ ಹಿಂದಕ್ಕೆ ತಿರುಗಿ ದನಿ ತಗ್ಗಿಸಿದರು: "ಸ್ಟೀರಿಂಗ್ ಎಳೆದೂ ಎಳೆದೂ ರಾತ್ರಿಯೆಲ್ಲ ನರಳ್ತಾಳಪ್ಪಾ. ಭುಜ ಒತ್ತಾನ ಅಂದ್ರೆ ನನ್ ಕೈ ಹಿಂಗೆ." ಮುನಿರಾಜ ಅಲೈನ್‌ಮೆಂಟ್ ಸರಿಯಿದೆ ಎನ್ನಲಿಲ್ಲ. "ಗಾಡಿ ತಿರುಗ್ಸಿ ಅಕ್ಕಾ," ಎಂದ, "ಇನ್ನೊಂದ್ ಸಲ ನೋಡ್ತೀನಿ."