ಹಗುರಾದ ಉದ್ಧರಣೆ

ಲೋಟದ ನೀರಿಗೆ ಅದ್ದಿದ ಮೀಟರ್ ಆರು ಅಂದಿತು. ಮನೋಳಿಯ ನಮ್ಮ ಕಾಕಾ ಬೇಸರದಿಂದ ಲೋಟ ಕೆಳಗಿಟ್ಟ. "ಬೆಳ್ಳಿ ಭಾಳ ತೆಳ್ಳಗದ. ನಾಳಿಂದ ಎರಡು ಲೋಟ ಕುಡೀತೀನಿ."

ಕಾಕಾನದು ಮೊಬೈಲ್ ರಿಪೇರಿ ಅಂಗಡಿ. ಅಜ್ಜ ತೀರ್ಥ ಕೊಡುತ್ತಿದ್ದ ಎರಡು ಬೆಳ್ಳಿ ಉದ್ಧರಣೆಗಳನ್ನು ನೀರಿನ ಬಾಟಲಿಗೆ ಇಳಿಬಿಟ್ಟು, ಒಂದಕ್ಕೆ ಹಳೆ ಚಾರ್ಜರಿನ ಕೆಂಪು ತಂತಿ, ಇನ್ನೊಂದಕ್ಕೆ ಕರಿ ತಂತಿ ಸಿಕ್ಕಿಸಿ, ಮೂರು ವರ್ಷದಿಂದ ಬೆಳ್ಳಿನೀರು ಮಾಡಿ ಕುಡಿಯುತ್ತಿದ್ದ. ತಳದ ಕಪ್ಪು ಪುಡಿಯನ್ನೂ ಬಿಡದೆ ಅಲುಗಿಸಿ ಕುಡಿಯುತ್ತಿದ್ದ. ಯಾವ ರೋಗವೂ ಹತ್ತಿರ ಬರುವುದಿಲ್ಲವಂತೆ.

ನಾನು ಸುಮ್ಮನಿರುವವನಲ್ಲ. "ಕಾಕಾ, ಈ ಮೀಟರ್ ಕರಗಿದ ಉಪ್ಪು ಎಷ್ಟು ಕರೆಂಟ್ ಹಾಯಿಸ್ತದ ಅಂತಷ್ಟ ನೋಡ್ತದ. ತೇಲೋ ಬೆಳ್ಳಿ ಕಣ ಇದಕ್ಕ ಕಾಣೂದಿಲ್ಲ."

"ಬಂತು ನೋಡು, ಚರ್ಚಾಸ್ಪರ್ಧಾದಾಗ ಕಪ್ ಗೆದ್ದ ಬಾಯಿ! ಕಾಣಲಾರದ್ದು ಅದ ಅಂತ ಹೇಳ್ಲಿಕ್ಕೆ ಹತ್ತೀಯಲಾ, ದೇವರಿಲ್ಲ ಅನ್ನಾಂವ?"

ಲೋಟವನ್ನು ದೇವರಮನೆಯ ಕತ್ತಲೆಗೆ ಒಯ್ದು ಕೀಚೈನಿನ ಲೇಸರ್ ಹಾಯಿಸಿದೆ. ಪಕ್ಕದ ಬರೀ ನೀರಿನ ಲೋಟದಲ್ಲಿ ಏನೂ ಇಲ್ಲ. ಕಾಕಾನ ಲೋಟದಲ್ಲಿ ಮಾತ್ರ, ತೇಲುವ ಕಣಗಳಿಗೆ ಬೆಳಕು ತಾಗಿ, ಈ ಬದಿಯಿಂದ ಆ ಬದಿಗೆ ಕೆಂಪು ಗೆರೆಯೊಂದು ಚಾಚಿ ನಿಂತಿತು. ಬಾಗಿಲಲ್ಲಿದ್ದ ಕಾಕು "ಅಯ್ಯ, ಏನದು" ಎಂದು ಹಿಂದೆ ಸರಿದಳು.

"ಅದ ಅಂತಾತು. ಎಷ್ಟದ?" ಕಾಕಾ ಬಿಡಲಿಲ್ಲ.

ನೀರಿನಲ್ಲಿ ಎಷ್ಟಿದೆಯೆಂದು ಹೇಳಲು ಪ್ರಯೋಗಾಲಯವೇ ಬೇಕು. ಆದರೆ ಹೋದದ್ದನ್ನು ಅಳೆಯಬಹುದಿತ್ತು. ಕರಗುವುದು ಕೆಂಪು ತಂತಿಯ ಕಡೆಯ ಬೆಳ್ಳಿ. ಉದ್ಧರಣೆಗಳೆರಡೂ ಒಂದೇ ತೂಕದ ಜೋಡಿ ಎಂದು ಅಜ್ಜ ಹೇಳುತ್ತಿದ್ದ. ಮಧ್ಯಾಹ್ನದ ಬಸ್ಸಿಗೆ ಸವದತ್ತಿಗೆ ಹೋಗಿ ಅಕ್ಕಸಾಲಿಗನ ತಕ್ಕಡಿಗೆ ಹಾಕಿಸಿದೆವು. ಕರಿ ತಂತಿಯದು ಟಣ್ ಎಂದು ಕೆಳಗೆ ಕೂತಿತು. ಇನ್ನೊಂದು ಮೇಲೆಯೇ ಉಳಿಯಿತು. ಸರಿದೂಗಿಸಲು ಅವನು ಒಂದೊಂದೇ ಗ್ರಾಮಿನ ತೂಕ ಇಡುತ್ತ ಹೋದ. ಒಂಬತ್ತಕ್ಕೆ ಮುಳ್ಳು ನಿಂತಿತು.

"ತಿಕ್ಕಿ ತಿಕ್ಕಿ ಸವದದ," ಎಂದ ಕಾಕಾ.

"ಕಾಕು ಎರಡನ್ನೂ ಹುಣಸಿಹಣ್ಣು ಹಚ್ಚಿ ತಿಕ್ಕತಾಳಲಾ? ಒಂದ ಯಾಕ ಸವೀಬೇಕು?"

"ಹಂಗಾದ್ರ ಬೆಳ್ಳಿ ಎಲ್ಲಿ ಹೋತ್ರಿ?" ಅಕ್ಕಸಾಲಿಗ ಮುಗ್ಧವಾಗಿ ಕೇಳಿದ.

ಕಾಕಾ ಅಂಗಡಿಯ ಬಾಗಿಲಿಗೆ ಹೋಗಿ ಬಿಸಿಲಿಗೆ ಎರಡೂ ಕೈ ಹಿಡಿದ. ಉಗುರಿನ ಬುಡದಲ್ಲಿ ಬೆಳ್ಳಗಿರಬೇಕಾದ ಅರ್ಧಚಂದ್ರಗಳು ಹತ್ತೂ ನೀಲಿ ಬೂದು. ಎಷ್ಟು ಸಲ ಅದೇ ಕೈಯಿಂದ ಚಹಾ ಇಸಿದುಕೊಂಡಿದ್ದೆ, ಕಂಡಿರಲಿಲ್ಲ.

"ಹೊರಗ ಬರ್ತದೇನು?"

ವಾದ ಗೆದ್ದಿದ್ದೆ. ದನಿ ಏರಲಿಲ್ಲ. "ಮೈಯಾಗ ಕೂತ ಬೆಳ್ಳಿ ಬರೂದಿಲ್ಲ, ಕಾಕಾ. ಇನ್ನ ಕುಡೀಲಿಲ್ಲಂದ್ರ ಹೆಚ್ಚಾಗೂದಿಲ್ಲ."

ಮನೆಗೆ ಬಂದವನೇ ಬಾಟಲಿ ಎತ್ತಿಕೊಂಡು ಹಿತ್ತಲಿಗೆ ಹೊರಟೆ.

"ಏ, ತುಳಸಿಗೆ ಹಾಕಬ್ಯಾಡ!" ಕಾಕಾ ಒಳಗಿಂದ ಕೂಗಿದ.